ಶಾಲು ಹೊದಿಸಿ ಮುಗಿಸುವ ಮಾತಲ್ಲ

ನಮ್ಮ ಕನ್ನಡ ಸಂಘದ ಕಟ್ಟಡಕ್ಕೆ ಸುಣ್ಣಬಣ್ಣ ಮಾಡಿಸಿ, ಹೊಸ ನೆಲ ಹಾಕಿಸಿ, ಅದೇ ನೆಪದಲ್ಲಿ ಒಂದು ಸ್ಮರಣ ಸಂಚಿಕೆಯನ್ನೂ ತರಬೇಕೆಂದು ತೀರ್ಮಾನಿಸಿದ ಸಭೆಗೆ ನಾನು ಹೋಗದೆ ಇದ್ದಿದ್ದರೆ ಇಷ್ಟು ರಗಳೆ ಆಗುತ್ತಿರಲಿಲ್ಲ. ಆದರೆ ಹೋದೆ. ಬ್ಯಾಂಕಿನಿಂದ ಆಗಷ್ಟೇ ನಿವೃತ್ತಳಾಗಿದ್ದೆ. ಸೂರತ್, ಅಹಮದಾಬಾದ್ ಎಂದು ಸುತ್ತಿ ಕಡೆಗೆ ವಡೋದರಾಕ್ಕೇ ಬಂದು ನಿಂತವಳು. ನಿವೃತ್ತರಾದವರು ಕಣ್ಣಿಗೆ ಬಿದ್ದರೆ ಸಂಘದವರು ಬಿಡುವುದಿಲ್ಲ.

"ಹಳಬರನ್ನ ನೀವೇ ಮಾತಾಡಿಸಿಬಿಡಿ ಮೇಡಂ," ಎಂದರು ಅಧ್ಯಕ್ಷರು. "ಹೆಂಗಸರು ಕೇಳಿದರೆ ಮನಸ್ಸು ಬಿಚ್ಚಿ ಹೇಳ್ತಾರೆ."

ಅಧ್ಯಕ್ಷರು ಮೈಸೂರು ಕಡೆಯವರು. ವಿಮಾ ಕಚೇರಿಯಲ್ಲಿದ್ದು ನಿವೃತ್ತರಾದವರು. ಯಾರ ಮನೆಯಲ್ಲಿ ಕಷ್ಟವೆಂದರೂ ಮೊದಲು ಓಡಿ ಬರುವ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಅವರ ಮೇಲೆ ನಾನು ಪಟ್ಟ ಸಿಟ್ಟನ್ನು ಓದಿ ಅವರು ಕೆಟ್ಟವರೆಂದು ಯಾರೂ ತಿಳಿಯಬಾರದು. ಕೆಟ್ಟವರಾಗಿದ್ದರೆ ನನ್ನ ಕೆಲಸ ಸುಲಭವಾಗುತ್ತಿತ್ತು.

ಸಂಘದ ಕಟ್ಟಡ ಎದ್ದದ್ದು ನಾನು ಈ ಊರಿಗೆ ಸೊಸೆಯಾಗಿ ಬರುವುದಕ್ಕಿಂತ ಎಷ್ಟೋ ಮೊದಲು. ಬ್ಯಾಂಕು, ರೈಲ್ವೆ, ರಿಫೈನರಿ ಎಂದು ವರ್ಗವಾಗಿ ಬಂದವರು ಸೇರಿ ಕಟ್ಟಿದ್ದು. ನನ್ನ ಮಾವನವರು ಕೊಯಾಲಿಯ ರಿಫೈನರಿ ಟೌನ್‌ಶಿಪ್‌ನಿಂದ ಸ್ಕೂಟರಿನಲ್ಲಿ ಬಂದು ಬಿಸಿಲಲ್ಲಿ ನಿಂತು ಇಟ್ಟಿಗೆ ಇಳಿಸಿಕೊಂಡರೆಂದು ನಮ್ಮ ಮನೆಯಲ್ಲಿ ಈಗಲೂ ಹೇಳುತ್ತಾರೆ. ಅತ್ತೆ ಅಲ್ಲಿನ ಅಡುಗೆಮನೆಯ ಉಸ್ತುವಾರಿ ನೋಡಿಕೊಂಡವರು. ಇಬ್ಬರೂ ಈಗಿಲ್ಲ.

ಸಂಘದ ಹಾಲ್‌ನ ವಿದ್ಯುತ್ ಕೆಲಸ ಮಾಡಿದವರು ರೈಲ್ವೆಯಲ್ಲಿದ್ದ ಒಬ್ಬರು, ರಾಯಚೂರು ಕಡೆಯವರು, ಅವರು ತೀರಿಕೊಂಡಿದ್ದಾರೆ, ಹೆಂಡತಿ ಇದೇ ಊರಿನ ಮಂಜಲ್‌ಪುರದಲ್ಲಿದ್ದಾರೆ ಎಂದು ಯಾರೋ ಹೇಳಿದರು. ಆ ಹೆಸರನ್ನು ನಾನು ಅದುವರೆಗೆ ಸಂಘದಲ್ಲಿ ಕೇಳಿರಲಿಲ್ಲ. ಫೋನ್ ಮಾಡಿ ಹೋದೆ.

ಚಿಕ್ಕ ಸ್ವಂತ ಮನೆ, ಎದುರಿಗೆ ಬೇವಿನ ಮರ. ಎಂಬತ್ತರ ಹತ್ತಿರದ ತಾಯಿ; ಮಂಡಿನೋವು ಬಿಟ್ಟರೆ ಗಟ್ಟಿಮುಟ್ಟು. ಮಗಳು ಅಹಮದಾಬಾದಿನ ಬೋಪಾಲ್ ಬಡಾವಣೆಯಲ್ಲಿರುತ್ತಾಳೆ, ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಅವತ್ತು ಶನಿವಾರವಾದ್ದರಿಂದ ಬಂದಿದ್ದಳು. ಇಲ್ಲಿಯೇ ಬೆಳೆದ ಹುಡುಗಿ, ಕನ್ನಡದಲ್ಲಿ ಅರ್ಧ ಹಿಂದಿ. ಚಹಾ ಬಂತು. ಯಜಮಾನರು ಭಾನುವಾರ ಭಾನುವಾರ ಹೋಗಿ ಹಾಲಿಗೆ ಹೇಗೆ ವೈರಿಂಗ್ ಮಾಡಿದರು, ಒಂದು ಪೈಸೆ ಮುಟ್ಟಲಿಲ್ಲ ಎಂಬುದನ್ನೆಲ್ಲ ಆ ತಾಯಿ ಹೇಳಿದರು. ನಾನು ಬರೆದುಕೊಂಡೆ. ಆಮೇಲೆ, ಸಂಘದ ಕಾರ್ಯಕ್ರಮಗಳಿಗೆ ನಿಮ್ಮನ್ನು ನೋಡಿದ ನೆನಪೇ ಇಲ್ಲವಲ್ಲ ಎಂದೆ.

"ಹೋಗಂಗಿಲ್ಲರಿ ನಾನು," ಎಂದಷ್ಟೇ ಹೇಳಿದರು.

ಮಗಳು ಬಿಡಲಿಲ್ಲ. "ಮಮ್ಮಿ, ಪೂರಾ ಹೇಳು. ಆಧಾ ಯಾಕೆ ಹೇಳ್ತೀ?"

ಆ ತಾಯಿ ನನ್ನ ಮುಖವನ್ನು ಒಂದು ಕ್ಷಣ ನೋಡಿದರು. ನಾನು ಯಾರ ಸೊಸೆ ಎಂಬುದು ಅವರಿಗೆ ಫೋನಿನಲ್ಲೇ ಗೊತ್ತಾಗಿತ್ತು.

ಕಟ್ಟಡ ಮುಗಿದ ಮೇಲೆ ಮೊದಲ ಸಲ ಎಲ್ಲರೂ ಸೇರಿ ಉಣ್ಣುವ ದಿನವಂತೆ ಅದು. ಆಗೆಲ್ಲ ಮನೆಗೊಂದು ಪದಾರ್ಥ ಮಾಡಿ ತರುವ ಪದ್ಧತಿ. ಇವರು ಶೇಂಗಾ ಹೋಳಿಗೆ ಮಾಡಿದರು. ಹೊಸ ಸ್ಟೀಲಿನ ಡಬ್ಬಿ ತುಂಬಿಸಿಕೊಂಡು, ಗಂಡನ ಜೊತೆ ರೈಲ್ವೆ ಕಾಲೋನಿಯಿಂದ ಸಿಟಿ ಬಸ್ಸಿನಲ್ಲಿ ಹೋದರು. ಅಡುಗೆಮನೆಯ ಬಾಗಿಲಲ್ಲಿ ನನ್ನ ಅತ್ತೆ ನಿಂತಿದ್ದರು.

"ಭಾಳ ಚಂದ ಮಾತಾಡ್ಸಿದ್ರು ನಿಮ್ಮತ್ತಿಯವರು. ಯಾವೂರು, ಮಕ್ಕಳೆಷ್ಟು, ಎಲ್ಲಾ ಕೇಳಿದ್ರು. ಆಮ್ಯಾಲೆ ನಿಮ್ಮ ಮನಿದೇವರು ಯಾರಂದ್ರು. ನನಗೇನು ಗೊತ್ತರಿ, ಇದ್ದದ್ದು ಹೇಳಿದೆ. ಹೌದಾ ಅಂದ್ರು. ನಕ್ಕೋತಽ ಡಬ್ಬಿ ಇಸಗೊಂಡ್ರು."

ಮನೆದೇವರು ಯಾರು ಎಂಬ ಪ್ರಶ್ನೆ ಕನ್ನಡದವರಿಗೆ ವಿವರಿಸಬೇಕಾದ್ದಲ್ಲ. ಜಾತಿ ಕೇಳುವುದು ಅಸಭ್ಯವೆಂದು ತಿಳಿದ ಮೇಲೆ ನಾವು ಕಂಡುಕೊಂಡ ಸಭ್ಯ ದಾರಿ. ನನ್ನನ್ನೂ ಎಷ್ಟೋ ಮಂದಿ ಕೇಳಿದ್ದಾರೆ; ಉತ್ತರ ಕೇಳಿ ಸಮಾಧಾನಪಟ್ಟು ಇನ್ನೊಂದು ಸೌಟು ಬಡಿಸಿದ್ದಾರೆ.

ಊಟಕ್ಕೆ ಕೂತರು. ಒಂದೊಂದೇ ಪದಾರ್ಥ ಬಂತು. ಇದು ಇಂಥವರ ಮನೆಯದು, ಅದು ಇಂಥವರದು ಎಂದು ಹೇಳಿ ಬಡಿಸುತ್ತಿದ್ದರು. ಹೋಳಿಗೆ ಬರಲಿಲ್ಲ. ಮೊಸರನ್ನಕ್ಕೆ ಬಂದರೂ ಬರಲಿಲ್ಲ. ಎಲ್ಲ ಮುಗಿದು ಹೊರಡುವಾಗ ಅತ್ತೆ ಡಬ್ಬಿ ತಂದು ಕೈಗಿಟ್ಟು, "ಗದ್ದಲದಾಗ ತಗಿಯೋದಽ ಮರತ್ವಿ ನೋಡ್ರಿ," ಎಂದರಂತೆ. ಕೈಗೆ ಬಂದ ಭಾರದಿಂದಲೇ ಇವರಿಗೆ ತಿಳಿಯಿತು, ಒಂದೂ ತೆಗೆದಿಲ್ಲವೆಂದು. ಎಣ್ಣೆಯ ಸ್ಟವ್ ಇಡುವ ಮೂಲೆಯಲ್ಲಿ ಇಟ್ಟಿದ್ದರೋ ಏನೋ, ಡಬ್ಬಿಗೆ ಸೀಮೆಎಣ್ಣೆಯ ವಾಸನೆ ಹತ್ತಿತ್ತು.

"ಬಸ್ಸಿನ್ಯಾಗ ಇವರಿಗೆ ಹೇಳಿದ್ನಿ. ಬಿಡು ಅಂದ್ರು. ಅದನ್ನ ಬಿಟ್ಟೆನ್ರಿ. ಆದ್ರ ಆಮ್ಯಾಲೂ ಅಲ್ಲಿ ಫ್ಯೂಸ್ ಹೋದಾಗೆಲ್ಲ ಇವರನ್ನ ಕರೀತಿದ್ರು. ಇವರು ಹೋಗತಿದ್ರು! ಅದಕ್ಕ ನನಗ ಸಿಟ್ಟು."

ಹೇಳುವಾಗ ಅವರ ಕಣ್ಣಲ್ಲಿ ನೀರು ಬರಲಿಲ್ಲ. ನನಗೆ ಬಂತು. ಅದೂ ಸರಿಯೆನಿಸಲಿಲ್ಲ, ಎದ್ದು ಬಂದೆ.

ಮನೆಯಲ್ಲಿ ಗಂಡನಿಗೆ ಹೇಳಿದೆ. ಅವರು ಟಿವಿಯ ಧ್ವನಿ ತಗ್ಗಿಸಿದರು, ಅಷ್ಟೇ. "ನಮ್ಮವ್ವ ಅಂಥಾಕಿ ಅಲ್ಲ," ಎಂದರು.

ನಿಜ ಹೇಳಬೇಕೆಂದರೆ ನನಗೂ ಹಾಗೇ ಅನ್ನಿಸುತ್ತಿತ್ತು. ನನ್ನ ಬಾಣಂತನ ಮಾಡಿದವರು ಅತ್ತೆ. ಬ್ಯಾಂಕಿನಿಂದ ಬರುವಷ್ಟರಲ್ಲಿ ಮಗುವಿಗೆ ಉಣ್ಣಿಸಿ ಮಲಗಿಸಿ, ನನ್ನ ತಟ್ಟೆಯನ್ನು ಮುಚ್ಚಿಟ್ಟು ಕಾಯುತ್ತಿದ್ದವರು. ಹೊರಗಿನ ಕೆಲಸಕ್ಕೆ ಬರುವ ಹೆಂಗಸಿಗೆ ಜ್ವರ ಬಂದರೆ ಗುಳಿಗೆ ಕೊಡಿಸುತ್ತಿದ್ದರು. ಆ ಹೆಂಗಸಿನ ಲೋಟ ಬಚ್ಚಲಿನ ಗೂಡಿನಲ್ಲಿ ಬೇರೆ ಇರುತ್ತಿತ್ತು ಎಂಬುದೂ ನನಗೆ ಗೊತ್ತಿತ್ತು. ಎರಡನ್ನೂ ಒಟ್ಟಿಗೆ ಯೋಚಿಸಿರಲಿಲ್ಲ.

ಲೇಖನ ಬರೆದು ಕೊಟ್ಟೆ. ವೈರಿಂಗ್ ಕತೆ, ಡಬ್ಬಿಯ ಕತೆ, ಎರಡೂ ಇದ್ದವು. ವಾರದೊಳಗೆ ಅಧ್ಯಕ್ಷರು ಮನೆಗೇ ಬಂದರು. ಪಾನಕ ಕುಡಿದು, ಕೈಚೀಲದಿಂದ ಹಾಳೆ ತೆಗೆದರು. ಕೆಳಗಿನ ಅರ್ಧ ಪುಟಕ್ಕೆ ಪೆನ್ಸಿಲಿನಿಂದ ಅಡ್ಡಗೆರೆ ಎಳೆದಿತ್ತು.

"ತುಂಬ ಚೆನ್ನಾಗಿ ಬರೆದಿದ್ದೀರಿ ಮೇಡಂ. ಆ ವೈರಿಂಗ್ ಭಾಗ ಅಂತೂ ಅದ್ಭುತ. ಈ ಡಬ್ಬಿ ಪ್ರಸಂಗ ಒಂದು ಬೇಡ. ಸಂಭ್ರಮದ ಸಂಚಿಕೆ ಅಲ್ವಾ?"

"ಹೆಸರೇನೂ ಹಾಕಿಲ್ಲಲ್ಲ ಸರ್. ನಮ್ಮ ಮನೀದಽ ಬೇಕಾದ್ರ ಹಾಕ್ರಿ."

"ಅಯ್ಯೋ, ಅವರು ದೇವರಂಥ ಹೆಂಗಸು. ಅದು ಬೇರೆ ಕಾಲ ಮೇಡಂ. ಮಾಡಿದವರು ಯಾರೂ ಈಗಿಲ್ಲ. ಇರೋರು ಯಾರೂ ಮಾಡಿಲ್ಲ. ಯಾರು ಯಾರಿಗೆ ಕ್ಷಮೆ ಕೇಳೋದು?"

"ಕಟ್ಟಡ ಯಾರದು ಸರ್?"

"ನಮ್ಮದು."

"ನಾವು ಕಟ್ಟಿಲ್ಲಲ್ಲ. ಅವರು ಕಟ್ಟಿದ್ದು ನಮಗ ಬಂತು. ಕಟ್ಟಡ ಬರತದ, ಅದರೊಳಗ ನಡದದ್ದು ಮಾತ್ರ ಬರೂದಿಲ್ಲೇನು?"

ಅವರು ಕೈಯೊರಸಿಕೊಳ್ಳುತ್ತಾ ನಕ್ಕರು. ವಾದದಲ್ಲಿ ಸೋಲುವುದಕ್ಕೆ ಅವರಿಗೇನೂ ಬೇಸರವಿಲ್ಲ, ಸೋತ ಮೇಲೆ ಏನೂ ಮಾಡಬೇಕಾಗಿಲ್ಲ ಎನ್ನುವುದಾದರೆ. "ನೋಡಿ, ಸಂಘ ಅವತ್ತೇ ಇದನ್ನ ಸರಿ ಮಾಡಿದೆ. ಇನ್ನೊಂದು ಸಲ ಹೀಗೆ ಆಗಬಾರದು ಅಂತ ತಾನೇ ಮನೆಯಿಂದ ತರೋದು ನಿಲ್ಲಿಸಿ ಅಡುಗೆಯವರನ್ನ ಕರೆಸೋಕೆ ಶುರು ಮಾಡಿದ್ದು!"

ನಾನು ದಂಗಾದೆ. ಅಡುಗೆಗೆ ಸೂರತ್ತಿನಿಂದ ಉಡುಪಿ ಕಡೆಯ ಭಟ್ಟರು ಬರುವುದು ನಾನು ಸಂಘವನ್ನು ಕಂಡ ದಿನದಿಂದ ಇದೆ. ಹೆಂಗಸರಿಗೆ ತ್ರಾಸ ಬೇಡವೆಂದು ಮಾಡಿದ ಅನುಕೂಲ ಅಂದುಕೊಂಡಿದ್ದೆ. ಅಂದರೆ ಇವರಿಗೆ ಎಲ್ಲ ಗೊತ್ತಿತ್ತು. ಹಿರಿಯ ಸದಸ್ಯರಿಗೆಲ್ಲ ಗೊತ್ತಿತ್ತು. ಒಬ್ಬಾಕೆಯ ಹೋಳಿಗೆ ತಿನ್ನುವುದಕ್ಕಿಂತ ಎಲ್ಲರ ಮನೆಯ ಅಡುಗೆಯನ್ನೇ ನಿಲ್ಲಿಸುವುದು ಸುಲಭವಾಗಿತ್ತು. ಅದನ್ನೇ ಈಗ ಸುಧಾರಣೆ ಎನ್ನುತ್ತಿದ್ದರು.

ಸಮಿತಿಯ ಸಭೆಯಲ್ಲಿ ಇದೇ ವಿಷಯ ಎತ್ತಿದೆ. ಮಾತು ಎಲ್ಲೆಲ್ಲಿಗೋ ಹೋಯಿತು. ಒಬ್ಬರು, ನಾವೀಗ ಜಾತಿ ನೋಡುವುದೇ ಇಲ್ಲ ಎಂದರು. ಅವರ ಬೆನ್ನ ಹಿಂದಿನ ಫಲಕದಲ್ಲೇ ಒಳಪಂಗಡ ಸಮೇತ ವಧೂವರರ ವಿವರ ಅಂಟಿಸಿತ್ತು. ಇನ್ನೊಬ್ಬರು, ಇದನ್ನು ಶುರು ಮಾಡಿದರೆ ಎಲ್ಲಿಗೆ ನಿಲ್ಲಿಸೋದು ಎಂದರು. ಎಲ್ಲಿಗೂ ನಿಲ್ಲಿಸಬೇಡಿ ಎಂದೆ. ಚಹಾ ತಂದರು. ಕಡೆಗೆ ಒಂದು ತೀರ್ಮಾನವಾಯಿತು: ಸಮಾರಂಭದ ದಿನ ಆ ತಾಯಿಯನ್ನು ಕರೆಸಿ, ಶಾಲು ಹೊದಿಸಿ, ಫಲತಾಂಬೂಲ ಕೊಟ್ಟು ಸನ್ಮಾನ ಮಾಡುವುದು. ಎಲ್ಲರೂ ಮೇಜು ತಟ್ಟಿದರು. ಅವರಿಗೆ ಹೇಳಿ ಒಪ್ಪಿಸುವ ಕೆಲಸವೂ ನನ್ನ ತಲೆಗೇ ಬಂತು.

ಮತ್ತೆ ಮಂಜಲ್‌ಪುರಕ್ಕೆ ಹೋದೆ. ಏಪ್ರಿಲ್ ಬಿಸಿಲು, ಆಟೋದ ಸೀಟು ಸುಡುತ್ತಿತ್ತು. ಆ ತಾಯಿ ಜಗುಲಿಯ ಮೇಲೆ ಹಪ್ಪಳ ಒಣಹಾಕಿ ಕಾಗೆ ಕಾಯುತ್ತಿದ್ದರು. ವಿಷಯ ಹೇಳಿದೆ.

"ಶಾಲು ಯಾಕ್ ಹೊದಸ್ತೀರಿ?"

"ನಿಮಗ ಗೌರವ ಅಂತರಿ, ಅವ್ವಾರ."

"ಏನ್ ಸಾಧನಾ ಮಾಡೀನಿ ನಾನು? ಹೋಳಿಗಿ ಹೊಳ್ಳಿ ಮನಿಗೆ ತಂದದ್ದಕ್ಕೇನು?"

ಕಾಗೆಯೊಂದನ್ನು ಕೈಬೀಸಿ ಓಡಿಸಿ ಅವರೇ ಮುಂದುವರಿಸಿದರು.

"ನೋಡ್ರಿ, ಆವತ್ತು ಆಗಿದ್ದು ಎಲ್ಲಾರ ಎದುರಿಗೆ. ಬಡಿಸೋರು, ಉಣ್ಣೋರು, ಎಲ್ಲಾರಿಗೂ ಗೊತ್ತಿತ್ತು. ಹಂಗಽ ಎಲ್ಲಾರ ಎದುರಿಗೆ ಹೇಳ್ರಿ. ಇಂಥಾ ದಿನ, ಇಂಥಾಕಿ ತಂದ ಡಬ್ಬಿ ತಗಿಲಿಲ್ಲ, ಯಾಕ ತಗಿಲಿಲ್ಲ ಅಂದ್ರ ಇದಕ್ಕ, ಅದು ತಪ್ಪು ಅಂತ. ಅಷ್ಟಽ. ಅದನ್ನ ಸಂಘ ಹೇಳ್ಬೇಕು. ಆವಾಗ ಬರ್ತೀನಿ. ಶಾಲು ನನ್ಹತ್ರ ಅವ."

ಇದಕ್ಕಿಂತ ಸರಳವಾದ ಬೇಡಿಕೆ ಇನ್ನೇನಿರಲು ಸಾಧ್ಯ? ನಾಲ್ಕು ವಾಕ್ಯ. ಹಣ ಬೇಡ, ಪದವಿ ಬೇಡ. ಅಧ್ಯಕ್ಷರಿಗೆ ಅವತ್ತು ಸಂಜೆಯೇ ಹೇಳಿದೆ. ಅವರು ನಿಟ್ಟುಸಿರು ಬಿಟ್ಟು, "ಏನೋ ಒಂದು ಮಾಡೋಣ ಮೇಡಂ, ಸೂಚ್ಯವಾಗಿ," ಎಂದರು. ಆ "ಸೂಚ್ಯವಾಗಿ" ಎಂಬ ಪದ ಕೇಳಿದಾಗಲೇ ನನಗೆ ಗೊತ್ತಾಗಬೇಕಿತ್ತು.

ಆ ವಾರವೆಲ್ಲ ಮನೆಯಲ್ಲಿ ನಾನು ಇದನ್ನೇ ಆಡುತ್ತಿದ್ದೆ. ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಗಂಡ ತಟ್ಟೆ ಸರಿಸಿ ಸಿಟ್ಟಾದರು.

"ನಮ್ಮವ್ವನ್ನ ಸ್ಟೇಜಿನ ಮ್ಯಾಲೆ ನಿಲ್ಲಿಸಿ ಬೈಸಬೇಕಾ ನಿನಗ? ಏನು ಖಾತ್ರಿ ಅದ, ಆಕಿ ಹೇಳಿದ್ದು ಖರೇ ಅಂತ?"

"ಅವರ್ಯಾಕ ಸುಳ್ಳು ಹೇಳ್ತಾರ?"

"ಸುಳ್ಳು ಅಂತ ನಾನೆಲ್ಲಿ ಅಂದೆ!" ಎಂದರು. ಆಮೇಲೆ ದನಿ ಇಳಿಯಿತು. "ನಾನು ಆ ಡಬ್ಬಿಗೆ ಕೈ ಹಾಕಿದ್ದೆ. ಸಣ್ಣವಿದ್ದೆ, ಹೋಳಿಗಿ ಅಂದ್ರ ಜೀವಾ. ಅವ್ವ ಕೈಮ್ಯಾಲೆ ಹೊಡೆದ್ಲು. ಮುಟ್ಟಬ್ಯಾಡ ಅಂದ್ಲು. ಯಾಕ ಅಂತ ಹೇಳಲಿಲ್ಲ."

ಇಷ್ಟು ದಿನ ಈ ಮನುಷ್ಯ ಟಿವಿಯ ಧ್ವನಿ ತಗ್ಗಿಸಿ ಕೂತಿದ್ದ. ನನಗೆ ಸಿಟ್ಟು ಬಂತು. ನೀವು ಇದನ್ನು ಸಭೆಯಲ್ಲಿ ಹೇಳಬೇಕು ಎಂದೆ. ಸಾಧ್ಯವೇ ಇಲ್ಲ ಎಂದರು. "ಸತ್ತವರ ಬಗ್ಗೆ ಹಂಗೆಲ್ಲ ಹೇಳಬಾರದು."

"ಬದುಕಿದ್ದವರ ಬಗ್ಗೆ?" ಎಂದೆ. ಅವರು ಕೈ ತೊಳೆಯಲು ಎದ್ದರು.

ಸಮಾರಂಭದ ದಿನ ಸಂಘದ ಹಾಲ್ ತುಂಬಿತ್ತು. ಅಹಮದಾಬಾದ್, ಸೂರತ್, ಅಂಕಲೇಶ್ವರದಿಂದಲೂ ಜನ ಬಂದಿದ್ದರು. ಆ ತಾಯಿ ಬರಲಿಲ್ಲ. ಮಗಳು ಬಂದು ಕಡೆಯ ಸಾಲಿನಲ್ಲಿ ಕೂತಿದ್ದಳು. ಅಧ್ಯಕ್ಷರು ಭಾಷಣದಲ್ಲಿ ಕಟ್ಟಡ ಕಟ್ಟಿದ ಹಿರಿಯರನ್ನೆಲ್ಲ ನೆನೆದರು. ಆಮೇಲೆ, "ಸಂಘದ ಈ ಸುದೀರ್ಘ ಪಯಣದಲ್ಲಿ ತಿಳಿದೋ ತಿಳಿಯದೆಯೋ ಯಾರ ಮನಸ್ಸಿಗಾದರೂ ನೋವಾಗಿದ್ದರೆ ಕ್ಷಮೆ ಇರಲಿ," ಎಂದು ಕೈ ಮುಗಿದರು. ಚಪ್ಪಾಳೆ ಬಿತ್ತು. ಅದರ ಬೆನ್ನಿಗೇ ಗೇಟಿನ ಎದುರು ನಿಲ್ಲಿಸಿದ ಬಿಳಿ ಕಾರು ತೆಗೆಯಬೇಕೆಂದು ಪ್ರಕಟಣೆ.

ನಾನು ಹಿಂತಿರುಗಿ ನೋಡಿದೆ. ಮಗಳು ಫೋನು ನೋಡುತ್ತಿದ್ದಳು.

ವಂದನಾರ್ಪಣೆ ನನ್ನದಾಗಿತ್ತು. ಬರೆದುಕೊಂಡು ಹೋದದ್ದನ್ನು ಬಿಟ್ಟು, ಆ ದಿನದ ಕತೆ ಹೇಳಿದೆ. ಡಬ್ಬಿ ತೆಗೆಯದೆ ಇಟ್ಟವರು ನನ್ನ ಅತ್ತೆ, ಅವರನ್ನು ನಾನು ಪ್ರೀತಿಸುತ್ತಿದ್ದೆ, ಅವರು ಮಾಡಿದ್ದು ಜಾತಿಯ ಕಾರಣಕ್ಕೆ, ಅದು ತಪ್ಪು ಎಂದೆ. ಆ ದಿನ ಸುಮ್ಮನೆ ಉಂಡೆದ್ದವರದೂ ತಪ್ಪು, ಇದನ್ನು ಇಷ್ಟು ವರ್ಷ ಮುಚ್ಚಿಟ್ಟ ನಮ್ಮೆಲ್ಲರದೂ ತಪ್ಪು ಎಂದೆ. ಹೇಳುತ್ತಿರುವಾಗಲೇ ಹಿಂದಿನ ಬಾಗಿಲು ತೆರೆದು ಭಟ್ಟರ ಕಡೆಯವರು ಸಾರಿನ ಪಾತ್ರೆ ತಂದಿಟ್ಟರು. ವಾಸನೆ ಬಂದದ್ದೇ ಹಿಂದಿನ ಸಾಲುಗಳು ಎದ್ದವು. ತಟ್ಟೆಗಳ ಸದ್ದು. ಅಧ್ಯಕ್ಷರು ಪಕ್ಕಕ್ಕೆ ಬಂದು, "ಮೇಡಂ, ಊಟ ಆರಿಹೋಗುತ್ತೆ," ಎಂದು ಪಿಸುಗುಟ್ಟಿದರು. ನಾನು ಮುಗಿಸಿಯೇ ಇಳಿದೆ. ನನ್ನ ಗಂಡ ಕೂತಿದ್ದ ಕುರ್ಚಿ ಖಾಲಿಯಿತ್ತು. ಅವರು ಹೊರಗೆ ಕಾರಿನಲ್ಲಿ ಎಸಿ ಹಾಕಿಕೊಂಡು ಕೂತಿದ್ದರು.

ಕೇಳಿದವರು ಇಲ್ಲವೆಂದಲ್ಲ. ಇಬ್ಬರು ಬಂದು, ಬಹಳ ಧೈರ್ಯ ನಿಮ್ಮದು ಎಂದರು. ಧೈರ್ಯದ ಮಾತು ಯಾಕೆ ಬಂತೋ. ಕೈ ತೊಳೆಯುವ ನಲ್ಲಿಯ ಹತ್ತಿರ ಒಬ್ಬಾಕೆ ಇನ್ನೊಬ್ಬಾಕೆಗೆ ಹೇಳುವುದು ಕಿವಿಗೆ ಬಿತ್ತು: "ಪಾಪ, ಸತ್ತ ಅತ್ತಿ ಮ್ಯಾಲೆ ಸಿಟ್ಟು ತೀರಿಸ್ಕೊಂಡ್ಲು ನೋಡು." ಜಾತಿಯ ವಿಷಯವನ್ನು ಅತ್ತೆ ಸೊಸೆಯ ಜಗಳವಾಗಿಸಲು ಅವರಿಗೆ ಒಂದು ಸಾಲಿನ ಊಟ ಮುಗಿಯುವಷ್ಟು ಹೊತ್ತು ಸಾಕಾಗಿತ್ತು. ಅತ್ತೆ ನನಗೆ ಕೊಟ್ಟ ಕಾಟವೇನೆಂದು ಆಮೇಲೆ ಬೇರೆ ಬೇರೆ ಕಡೆಯಿಂದ ನನಗೇ ತಿಳಿದುಬಂತು.

ಸಂಘದ ವಾಟ್ಸಾಪ್ ಗುಂಪಿಗೆ ಸಮಾರಂಭದ ವಿಡಿಯೋ ಬಂತು. ಪ್ರಾರ್ಥನೆಯಿಂದ ಹಿಡಿದು ಮಕ್ಕಳ ಕೋಲಾಟದವರೆಗೆ ಎಲ್ಲ ಇತ್ತು. ವಂದನಾರ್ಪಣೆ ಇರಲಿಲ್ಲ. ಕೇಳಿದ್ದಕ್ಕೆ, ಮೆಮೊರಿ ತುಂಬಿಹೋಗಿತ್ತು ಎಂದರು.

ಮಾರನೆಯ ವಾರ ಮಂಜಲ್‌ಪುರಕ್ಕೆ ಹೋದೆ. ಮಗಳು ಎಲ್ಲ ಹೇಳಿದ್ದಳು. ಆ ತಾಯಿ ಎಂದಿನಂತೆ ಚಹಾ ಕೊಟ್ಟರು. ನಾನು ಏನನ್ನು ನಿರೀಕ್ಷಿಸಿ ಹೋಗಿದ್ದೆನೋ, ಒಂದು ಒಳ್ಳೆಯ ಮಾತೋ, ನನ್ನ ಕೈ ಹಿಡಿಯುವುದೋ, ಅದು ಸಿಗಲಿಲ್ಲ.

"ನೀವ್ ಹೇಳಿದ್ರಿ. ಸಂಘ ಹೇಳ್ಲಿಲ್ಲಲ್ರಿ," ಎಂದರು.

"ನನ್ನ ಕೈಲಿ ಆಗಿದ್ದು ನಾ ಮಾಡೀನಿ, ಅವ್ವಾರ."

"ಮಾಡೀರಿ, ಇಲ್ಲಂತ ಅನ್ನಂಗಿಲ್ಲ. ನೀವ್ ಬರ್ತೀರಿ, ಚಾ ಕುಡೀತೀರಿ, ಕಣ್ಣಾಗ ನೀರು ತಗೀತೀರಿ. ನಿಮಗ ಹಗುರ ಆಕ್ಕೈತಿ. ನನಗೇನಾತು?"

ನನಗೆ ಕೋಪ ಬಂತು. ಹೌದು, ಅವರ ಮೇಲೆಯೇ. ಗಂಡನ ಜೊತೆ ಮಾತು ನಿಂತಿದೆ, ಸಂಘದಲ್ಲಿ ಮುಖ ತಿರುಗಿಸುತ್ತಾರೆ, ಇವರಿಗೋಸ್ಕರ ಇಷ್ಟೆಲ್ಲ ಮಾಡಿದರೆ ಹೀಗೆನ್ನುತ್ತಾರಲ್ಲ ಎಂದು. ಆಟೋದಲ್ಲಿ ಅರ್ಧ ದಾರಿ ಬಂದ ಮೇಲೆ ಆ "ಇವರಿಗೋಸ್ಕರ" ಎಂಬ ಮಾತು ನನಗೇ ಚುಚ್ಚತೊಡಗಿತು. ಅವರು ನನ್ನನ್ನು ಏನನ್ನೂ ಮಾಡಿರೆಂದು ಕೇಳಿರಲಿಲ್ಲ. ಹುಡುಕಿಕೊಂಡು ಹೋದವಳು ನಾನು. ಅವರು ಕೇಳಿದ್ದು ಸಂಘವನ್ನು, ಮತ್ತು ಸಂಘ ಇನ್ನೂ ಉತ್ತರ ಕೊಟ್ಟಿಲ್ಲ.

ಹಾಗಾಗಿ ಸರ್ವಸದಸ್ಯರ ಸಭೆಗೆ ಠರಾವು ಕೊಟ್ಟೆ. ಅವರು ಹೇಳಿದ ನಾಲ್ಕು ವಾಕ್ಯ, ಅವರ ಮಾತಿನಲ್ಲೇ. ಒಮ್ಮೆ ಕೋರಂ ಆಗಲಿಲ್ಲ. ಒಮ್ಮೆ ನವರಾತ್ರಿ ಬಂತು, ಊರೆಲ್ಲ ಗರ್ಬಾದಲ್ಲಿತ್ತು. ಇನ್ನೊಮ್ಮೆ ಸಭೆ ನಡೆಯಿತು, ಆದರೆ ನೀರಿನ ಟ್ಯಾಂಕಿನ ಚರ್ಚೆಯಲ್ಲೇ ಹೊತ್ತು ಮುಗಿಯಿತು. ಟ್ಯಾಂಕಿನ ಬಣ್ಣದ ಬಗ್ಗೆ ಅಷ್ಟು ಮಂದಿಗೆ ಅಭಿಪ್ರಾಯವಿದೆಯೆಂದು ನನಗೆ ಗೊತ್ತಿರಲಿಲ್ಲ.

ಈ ನಡುವೆ ಗಂಡನ ಜೊತೆ ಮಾತು ಮತ್ತೆ ಶುರುವಾಗಿತ್ತು, ಹಾಲು ತಂದಿರಾ, ಬಿಲ್ಲು ಕಟ್ಟಿದಿರಾ ಎಂಬಷ್ಟು. ಒಂದು ಸಂಜೆ ಬಾಲ್ಕನಿಯಲ್ಲಿ ಕೂತಿದ್ದಾಗ ಅವರೇ ಹೇಳಿದರು. "ಆವತ್ತು ರಾತ್ರಿ ಅವ್ವ ಊಟಾ ಮಾಡಲಿಲ್ಲ. ತಲಿನೋವು ಅಂದ್ಲು. ಅಪ್ಪ ಭಾಳ ಕೇಳಿದ್ರೂ ಮಾಡಲಿಲ್ಲ. ಆಕಿಗೆ ಗೊತ್ತಿತ್ತು ಅನಸ್ತದ."

ನನಗೆ ಸಮಾಧಾನವಾಗಲೆಂದು ಹೇಳಿದ್ದು ಅದು. ಆಗಲಿಲ್ಲ. "ಊಟಾ ಬಿಟ್ರ ಏನಾತು?" ಎಂದೆ. "ಮರುದಿನ ರೈಲ್ವೆ ಕಾಲೋನಿಗೆ ಹೋಗಿ ಬಾಗಲಾ ಬಡೀಬೇಕಿತ್ತು. ದೂರೇನಿತ್ತು?"

"ಆ ಕಾಲದಾಗ ಹಂಗೆಲ್ಲ ಯಾರು ಹೋಗತಿದ್ರು?"

"ಈ ಕಾಲದಾಗ ನೀವು ಹೋಗ್ರಿ."

ಅವರು ಈ ಸಲ ಎದ್ದು ಹೋಗಲಿಲ್ಲ. ಕತ್ತಲಾಗುವ ತನಕ ಅಲ್ಲೇ ಕೂತಿದ್ದರು. ಅದನ್ನು ಏನೆಂದು ತಿಳಿಯಬೇಕೋ ನನಗೆ ಇನ್ನೂ ಗೊತ್ತಾಗಿಲ್ಲ. ಮಂಜಲ್‌ಪುರಕ್ಕಂತೂ ಅವರು ಇದುವರೆಗೆ ಹೋಗಿಲ್ಲ.

ನಿನ್ನೆ ಅಧ್ಯಕ್ಷರು ಫೋನ್ ಮಾಡಿದ್ದರು, ಬರುವ ಸಭೆಯ ವಿಷಯಗಳನ್ನು ಗೊತ್ತುಮಾಡಲು.

"ಈ ಸಲವೂ ಅದೇನಾ ಮೇಡಂ?"

"ಅದಽ ರೀ ಸರ್."

"ಸರಿ. ಕೊನೇಲಿ ಹಾಕಿರ್ತೀನಿ. ಟೈಮ್ ಉಳಿದರೆ ತಗೊಳ್ಳೋಣ."

"ಕೊನೀಗೆ ಬ್ಯಾಡ. ಮೊದಲನೇದು ಅಂತ ಹಾಕ್ರಿ. ಊಟಕ್ಕಿಂತ ಮೊದಲು."

ಆ ಕಡೆ ಹಾಳೆ ಮಗುಚುವ ಸದ್ದು. ಆಮೇಲೆ, "ನೋಡೋಣ ಮೇಡಂ," ಎಂದರು. ಅವರ ನೋಡೋಣ ಎಂದರೆ ಏನೆಂದು ನನಗೆ ಚೆನ್ನಾಗಿ ಗೊತ್ತು. ಆ ತಾಯಿಯ ಮಗಳಿಗೆ ಸಭೆಯ ದಿನ ತಿಳಿಸಿದ್ದೇನೆ. ಬರುತ್ತೀಯಾ ಎಂದು ಕೇಳಿದ್ದಕ್ಕೆ, "ದೇಖತೀನಿ ಆಂಟಿ," ಎಂದಿದ್ದಾಳೆ.